ಒಂದೇ ಸರ್ವರ್, ಹಲವು ಭಾಷೆಯ ಸೇವೆ
ವೆಬ್ ಪ್ರೊಸೆಸಿಂಗ್ ಸರ್ವಿಸ್ ಎಂದರೆ ನಕ್ಷೆಯ ಲೆಕ್ಕಾಚಾರವನ್ನು ಸರ್ವರ್‌ನಲ್ಲೇ ಮುಗಿಸಿ ಫಲಿತಾಂಶವನ್ನು ಕಳಿಸುವ ವ್ಯವಸ್ಥೆ. ರಬಕವಿ ಸೀಮೆಯಲ್ಲಿ, ಹಿಪ್ಪರಗಿ ಬ್ಯಾರೇಜಿನ ಆಸುಪಾಸು ಕೃಷ್ಣೆ ಉಕ್ಕಿದರೆ ಯಾವ ಸರ್ವೆ ನಂಬರಿನ ಕಬ್ಬು ಮುಳುಗೀತು ಎಂಬಂಥ ಲೆಕ್ಕಕ್ಕೆ ಇದು ಹೇಳಿ ಮಾಡಿಸಿದ್ದು. ಇದರ ಮಾನಕವನ್ನು ಓಜಿಸಿ (ಓಪನ್ ಜಿಯೋಸ್ಪೇಶಿಯಲ್ ಕನ್ಸೋರ್ಟಿಯಂ) ಸಂಸ್ಥೆ 2007ರಲ್ಲಿ ಪ್ರಕಟಿಸಿತು, 2.0 ಆವೃತ್ತಿ ಬಂದದ್ದು 2015ರಲ್ಲಿ. ಈ ಮಾನಕದಂತೆ ನಡೆಯುವ ತಂತ್ರಾಂಶಗಳಲ್ಲಿ ಪೈಡಬ್ಲ್ಯುಪಿಎಸ್ ಪೈಥಾನ್‌ನದು, ಜಿಯೋಸರ್ವರ್ ಜಾವಾದ್ದು. ಸಿ, ಪೈಥಾನ್, ಜಾವಾ, ಪಿಎಚ್‌ಪಿಗಳಲ್ಲಿ ಬರೆದ ಸೇವೆಗಳನ್ನು ಒಟ್ಟಿಗೆ ನಡೆಸಬೇಕಿದ್ದರೆ ಜೂ-ಪ್ರಾಜೆಕ್ಟ್ ಒಳ್ಳೆಯ ಆಯ್ಕೆ. ಅಲ್ಲಿ ಪ್ರತಿ ಸೇವೆಗೂ ಅದರ ವಿವರ ಹೇಳುವ ಒಂದು ಜೆಡ್‌ಸಿಎಫ್‌ಜಿ ಕಡತ. ಅದರಲ್ಲಿ ಸರ್ವಿಸ್‌ಟೈಪ್ ಎಂಬಲ್ಲಿ ಭಾಷೆಯ ಹೆಸರು. ಆದರೆ ಆ ಭಾಷೆಯ ಬೆಂಬಲವನ್ನು, ಜೂ-ಪ್ರಾಜೆಕ್ಟಿನ ತಿರುಳಾದ ಜೂ ಕರ್ನೆಲ್ ಕಂಪೈಲ್ ಮಾಡುವಾಗಲೇ ಸೇರಿಸಿರಬೇಕು. ಹೊಸಬರು ಎಡವುವ ಜಾಗ ಇದು. ಸೇವೆಯನ್ನು ಪರೀಕ್ಷಿಸುವಾಗ ಮೊದಲು ಗೆಟ್‌ಕೇಪಬಿಲಿಟೀಸ್ ಕೇಳಿ ಸೇವೆ ಪಟ್ಟಿಯಲ್ಲಿದೆಯೇ ನೋಡಬೇಕು, ಆಮೇಲೆ ಅದರ ವಿವರಕ್ಕೆ ಡಿಸ್ಕ್ರೈಬ್‌ಪ್ರೊಸೆಸ್, ಕೊನೆಗೆ ಓಡಿಸಲು ಎಕ್ಸಿಕ್ಯೂಟ್. ಒಂದು ಭಾಷೆಯ ಸೇವೆ ಸರಿಯಾಗಿ ಓಡಿದ ಮೇಲೆಯೇ ಎರಡನೆಯದಕ್ಕೆ ಕೈಹಾಕುವುದು ಒಳ್ಳೆಯದು.