ಮಗುವಿಗೆ ಮನೋರೋಗ: ಮನೆಯವರು ಎಲ್ಲಿಂದ ಶುರು ಮಾಡಬೇಕು?

ಪಿಯುಸಿ ಓದುವ ಮಗ ಕೋಣೆ ಬಿಟ್ಟು ಬರುತ್ತಿಲ್ಲ. ರಾತ್ರಿ ನಿದ್ದೆಯಿಲ್ಲ. ಯಾರೋ ಬೈಯುತ್ತಿದ್ದಾರೆ ಎನ್ನುತ್ತಾನೆ. ಹಟ, ಗಾಳಿ ಸೋಕು ಎಂದು ತಳ್ಳಿಹಾಕಬೇಡಿ, ಸೈಕೋಸಿಸ್ ಎಂಬ ಮನೋರೋಗ ಇರಬಹುದು. ಹರಕೆ ಹೊರುವುದಿದ್ದರೆ ಹೊರಿ, ಆದರೆ ಅದು ತೀರುವವರೆಗೆ ಡಾಕ್ಟರು ಕಾಯಲಿ ಎನ್ನಬೇಡಿ.

ಹಂತ 1: ಬರೆದಿಡಿ
ಒಂದು ನೋಟ್‌ಬುಕ್ ಸಾಕು. ನಿದ್ದೆ, ಊಟ, ಹೊಸದಾಗಿ ಶುರುವಾದ ಮಾತು, ಫಿಟ್ಸ್, ತಲೆಗೆ ಬಿದ್ದ ಪೆಟ್ಟು, ಗಾಂಜಾದ ಅನುಮಾನ, ಎಲ್ಲವನ್ನೂ ತಾರೀಖಿನ ಸಮೇತ ಬರೆಯಿರಿ.

ಹಂತ 2: ತೋರಿಸಿ
ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾಸ್ಪತ್ರೆಯ ಮನೋವೈದ್ಯರಿದ್ದಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆಗಳಿವೆ. ದಾಖಲಿಸಬೇಕಾಗಿ ಬಂದರೆ, 18 ತುಂಬದವರನ್ನು ದೊಡ್ಡವರಿಂದ ಬೇರೆಯಾಗಿಯೇ ಇರಿಸಬೇಕು, ಪೋಷಕರು ಇಲ್ಲವೇ ಅವರು ನೇಮಿಸಿದವರೊಬ್ಬರು ಜೊತೆಗಿರಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

ಹಂತ 3: ವಾದ ಬೇಡ
ಕಷ್ಟದ ಹಂತ ಇದೇ. "ಯಾರೂ ಬೈತಿಲ್ಲ, ಸುಮ್ನಿರು" ಎಂದರೆ ಅವನು ನಿಮ್ಮಿಂದಲೂ ದೂರವಾಗುತ್ತಾನೆ. "ಹೌದು, ನನಗೂ ಕೇಳಿಸ್ತು" ಎಂಬ ಸುಳ್ಳೂ ಬೇಡ. "ನನಗೆ ಕೇಳಿಸ್ತಿಲ್ಲ ಕಣೋ, ಆದ್ರೆ ನಿನಗೆ ಭಯ ಆಗ್ತಿದೆ, ಅಲ್ವಾ?" ಅನ್ನಿ. ಸದಾ ಟೀಕೆ, ಸಿಟ್ಟು ಇರುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಲಂಡನ್ನಿನಲ್ಲಿ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ದಶಕಗಳ ಹಿಂದೆಯೇ ಕಂಡುಕೊಂಡಿದ್ದರು. ಅತಿಯಾದ ಕಣ್ಗಾವಲೂ ಅಷ್ಟೇ. ಹಾಗಂತ ಕಾಯಿಲೆ ತಂದದ್ದೇ ತಾಯಿ ಎನ್ನುವ ನೆಂಟರ ಮಾತಿಗೆ ಕಿವಿಗೊಡಬೇಡಿ, ಅದು ಶುದ್ಧ ತಪ್ಪು.

ಹಂತ 4: ಮಾತ್ರೆ
ಡಾಕ್ಟರು ಕೊಟ್ಟ ಮಾತ್ರೆಯ ಪೂರ್ತಿ ಪರಿಣಾಮ ಕಾಣಲು ವಾರಗಳೇ ಬೇಕು. ತೂಕ ಏರಿತೇ, ಕೈಕಾಲು ಬಿಗಿಯಿತೇ, ಜೊಲ್ಲು ಸುರಿಯುತ್ತಿದೆಯೇ? ಡಾಕ್ಟರಿಗೆ ಹೇಳಿ, ಔಷಧಿ ಬದಲಿಸಬಹುದು. "ಗುಣ ಆಯ್ತಲ್ಲ" ಎಂದು ನೀವಾಗಿಯೇ ನಿಲ್ಲಿಸಿದರೆ ಕಾಯಿಲೆ ಮತ್ತೆ ಬರುವ ಸಂಭವ ಹೆಚ್ಚು.

ಹಂತ 5: ಅಪಾಯಕ್ಕೆ ಸಿದ್ಧರಾಗಿ
ಕ್ರಿಮಿನಾಶಕ, ಉಳಿದ ಮಾತ್ರೆಗಳಿಗೆ ಬೀಗ ಹಾಕಿ. "ಸಾಯಬೇಕು ಅನ್ಸುತ್ತಾ?" ಎಂದು ನೇರವಾಗಿ ಕೇಳಿ, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಹಂತ 6: ಹೊರೆ ಹಂಚಿಕೊಳ್ಳಿ
ಸಾಮಾನ್ಯವಾಗಿ ಎಲ್ಲವೂ ಅಮ್ಮನ ತಲೆಗೇ. ಮಾತ್ರೆ ಒಬ್ಬರ ಪಾಲಿಗೆ, ಆಸ್ಪತ್ರೆ ಇನ್ನೊಬ್ಬರ ಪಾಲಿಗೆ ಇರಲಿ. ತಂಗಿಯಿದ್ದರೆ ಅವಳಿಗೂ ವಿಷಯ ತಿಳಿಸಿ. ಅಣ್ಣನನ್ನು ಕಾಯುವ ಕೆಲಸ ಅವಳದಲ್ಲ. ಮುಂದಿನ ಭೇಟಿಗೆ ಅಪ್ಪ ರಜೆ ಹಾಕಲಿ, ನೋಟ್‌ಬುಕ್ಕೂ ಅವರ ಕೈಯಲ್ಲೇ ಹೋಗಲಿ.