ಕೆರೆಯ ದಡದಲ್ಲಿ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರಿಲ್ಲ. ಸಾಮಾನ್ಯ ಸಂಸಾರಸ್ಥನು ಇಪ್ಪತ್ತು ಇಪ್ಪತ್ತೈದು ವರ್ಷಗಳ ಉಳಿತಾಯವನ್ನೂ, ಅದರ ಮೇಲೆ ಸಾಲವನ್ನೂ ಸೇರಿಸಿ ಒಂದು ಮನೆಯನ್ನೋ ನಿವೇಶನವನ್ನೋ ಕೊಳ್ಳುವನು. ಅಂತಹ ಕಾರ್ಯದಲ್ಲಿ ಪತ್ರಗಳನ್ನು ವಕೀಲರಿಗೆ ತೋರಿಸುವ ಪದ್ಧತಿ ಉಂಟು. ಗೋಡೆಗಳನ್ನು ಮೇಸ್ತ್ರಿಗೆ ತೋರಿಸುವ ಪದ್ಧತಿಯೂ ಉಂಟು. ನೆಲವನ್ನೂ ನೀರನ್ನೂ ವಿಚಾರಿಸುವ ಪದ್ಧತಿ ಮಾತ್ರ ಕಡಮೆ. ನಿವೇಶನವು ಕೆರೆಯ ಸಮೀಪದಲ್ಲಿದ್ದರೆ ಈ ವಿಚಾರಣೆ ಎಲ್ಲಕ್ಕಿಂತ ಮೊದಲು ನಡೆಯತಕ್ಕದ್ದು. ಅದಕ್ಕೆ ಬೇಕಾದ ಭೌತಶಾಸ್ತ್ರದ ಬಹುಭಾಗ ವಿದ್ಯಾರ್ಥಿಗಳು ಈಗಾಗಲೇ ಓದಿರುವ ಪಾಠಗಳಲ್ಲಿಯೇ ಇದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ದಾವಣಗೆರೆಯ ಹೆಸರಿನಲ್ಲಿಯೇ ಕೆರೆ ಇದೆ. ನಗರದ ಅಂಚಿನ ಕುಂದವಾಡದ ಕೆರೆಯು ಭದ್ರಾ ನಾಲೆಯ ನೀರನ್ನು ತುಂಬಿಕೊಂಡು ಊರಿಗೆ ಕುಡಿಯುವ ನೀರನ್ನು ಒದಗಿಸುವುದು. ಹರಿಹರಕ್ಕೆ ಹೋಗುವ ದಾರಿಯಲ್ಲಿ ಬಾತಿಯ ಕೆರೆ. ಹರಿಹರ ತಾಲ್ಲೂಕಿನಲ್ಲಿ ಗುಡ್ಡದ ಮಗ್ಗುಲಿನ ಕೊಂಡಜ್ಜಿಯ ಕೆರೆ. ಚನ್ನಗಿರಿ ತಾಲ್ಲೂಕಿನಲ್ಲಿ ಶಾಂತಿಸಾಗರವೆಂದೂ ಕರೆಯಲ್ಪಡುವ ಪ್ರಾಚೀನವಾದ ಸೂಳೆಕೆರೆ. ಹರಿಹರವಂತೂ ತುಂಗಭದ್ರೆಯ ದಡದ ಊರು. ಎರಡು ಊರುಗಳ ನಡುವಣ ದೂರ ಸುಮಾರು 14 ಕಿಲೋಮೀಟರು. ಊರುಗಳು ಬೆಳೆದಂತೆ ಸುತ್ತಣ ಹೊಲಗದ್ದೆಗಳು ನಿವೇಶನಗಳಾಗಿ ಮಾರ್ಪಡುತ್ತಿವೆ. ಕೆರೆಯ ಮೇಲಿಂದ ಬರುವ ತಂಗಾಳಿಗೂ ನೋಟಕ್ಕೂ ಮನಸೋಲದವರು ಯಾರು?

ಈ ಭಾಗದ ಒಂದು ಚಿಕ್ಕ ಕೆರೆಯ ಬಳಿ ನಿವೇಶನವೊಂದನ್ನು ನೋಡಲು ನಾವೂ ಹೋಗಿದ್ದೆವು. ಕೆರೆಯ ಹೆಸರು ಇಲ್ಲಿ ಬೇಡ. ಅದು ಮಾರ್ಚ್ ತಿಂಗಳು. ಮಾರುವವರು ನೀರಿನ ಅಂಚಿನಿಂದ ಹೆಜ್ಜೆ ಹಾಕಿ ತೋರಿಸಿ, “ನೋಡಿ, ನೀರಿಗೂ ನಿಮ್ಮ ಮನೆಗೂ 400 ಅಡಿ ದೂರ” ಎಂದರು. ಮಾತು ನಿಜವಾಗಿತ್ತು. ಆದರೆ ನೀರು ದೂರವನ್ನು ನೋಡಿ ಬರುವುದಿಲ್ಲ, ಎತ್ತರವನ್ನು ನೋಡಿ ಬರುವುದು. ಆದಕಾರಣ ಕೇಳಬೇಕಾದ ಪ್ರಶ್ನೆ ‘ಎಷ್ಟು ದೂರ’ ಎಂಬುದಲ್ಲ. ‘ಕೋಡಿಯ ಮಟ್ಟಕ್ಕಿಂತ ಎಷ್ಟು ಮೇಲೆ’ ಎಂಬುದು.

ಕೋಡಿಯ ಮಟ್ಟ

ಕೆರೆಯೆಂದರೆ ಇಳಿಜಾರಿನ ನೆಲಕ್ಕೆ ಅಡ್ಡವಾಗಿ ಮಣ್ಣಿನ ಏರಿಯನ್ನು ಹಾಕಿ ನೀರನ್ನು ತಡೆದ ಸ್ಥಳ. ಗದ್ದೆಗೆ ನೀರು ಬಿಡಲು ಏರಿಯಲ್ಲಿ ತೂಬು ಇರುವುದು. ಹೆಚ್ಚಾದ ನೀರು ಏರಿಯನ್ನು ಕೊಚ್ಚಿಕೊಂಡು ಹೋಗದಂತೆ, ಅದು ಸುರಕ್ಷಿತವಾಗಿ ಹೊರಬೀಳಲು ಕಲ್ಲಿನ ಕೋಡಿ ಇರುವುದು. ಕೋಡಿಯ ಹೊಸ್ತಿಲಿನ ಮಟ್ಟವೇ ಕೆರೆಯ ತುಂಬು ಮಟ್ಟ. ಬೇಸಗೆಯಲ್ಲಿ ನೀರು ಎಲ್ಲಿಯೇ ನಿಂತಿರಲಿ, ಕೆರೆಯ ನಿಜವಾದ ಅಂಚು ಈ ಮಟ್ಟದಲ್ಲಿರುವ ಭೂಮಿಯ ಸುತ್ತು ರೇಖೆ. ಇದನ್ನು ನಕ್ಷೆಯಿಂದ ತಿಳಿಯಬಹುದೆಂದು ಭಾವಿಸಬಾರದು. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ನಮ್ಮಂತಹ ಬಯಲು ಪ್ರದೇಶದ ಸಮೋನ್ನತಿ ರೇಖೆಗಳ ನಡುವಣ ಅಂತರ ಸಾಮಾನ್ಯವಾಗಿ 20 ಮೀಟರು. ನಮಗೆ ಬೇಕಾದದ್ದು ಸೆಂಟಿಮೀಟರುಗಳ ಲೆಕ್ಕ.

ಅಳೆಯುವ ಬಗೆ

ಒಂದಕ್ಕೊಂದು ಕೂಡಿದ ಪಾತ್ರೆಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದೆಂಬ ತತ್ತ್ವವನ್ನು ಎಲ್ಲರೂ ಓದಿರುವರು. ಮೇಸ್ತ್ರಿಗಳು ದಿನವೂ ಬಳಸುವ ಪಾರದರ್ಶಕ ಕೊಳವೆ ಇದೇ ತತ್ತ್ವದ ಉಪಕರಣ. ಸುಮಾರು 20 ಮೀಟರು ಉದ್ದದ ಕೊಳವೆಗೆ, ಗಾಳಿಯ ಗುಳ್ಳೆ ಉಳಿಯದಂತೆ, ನೀರನ್ನು ತುಂಬಬೇಕು. ಗುಳ್ಳೆ ಉಳಿದರೆ ಅಳತೆ ತಪ್ಪುವುದು. ಸೆಂಟಿಮೀಟರು ಗುರುತುಗಳುಳ್ಳ ಎರಡು ಕೋಲುಗಳಿಗೆ ಕೊಳವೆಯ ಎರಡು ತುದಿಗಳನ್ನು ಹಿಡಿದು, ಮೊದಲನೆಯ ಕೋಲನ್ನು ಕೋಡಿಯ ಹೊಸ್ತಿಲಿನ ಮೇಲೂ ಎರಡನೆಯದನ್ನು ನಿವೇಶನದ ಕಡೆಗೆ 18 ಮೀಟರು ಆಚೆಗೂ ನಿಲ್ಲಿಸಬೇಕು. ಎರಡು ಕೋಲುಗಳಲ್ಲಿ ನೀರು ನಿಂತ ಗುರುತುಗಳ ವ್ಯತ್ಯಾಸವೇ ಆ ಎರಡು ಸ್ಥಳಗಳ ಎತ್ತರದ ವ್ಯತ್ಯಾಸ. ಎರಡನೆಯ ಕೋಲು ನಿಂತ ಸ್ಥಳಕ್ಕೆ ಮೊದಲನೆಯದನ್ನು ತಂದು ಮುಂದುವರಿಯುತ್ತ, ಏರಿಳಿತಗಳನ್ನು ಕೂಡಿಸಿ ಕಳೆಯುತ್ತ ಹೋಗಬೇಕು. ಕೊನೆಗೆ ಅದೇ ರೀತಿ ಕೋಡಿಗೆ ಹಿಂದಿರುಗಬೇಕು. ಹೋಗುವಾಗಿನ ಮೊತ್ತಕ್ಕೂ ಬರುವಾಗಿನ ಮೊತ್ತಕ್ಕೂ ಇರುವ ವ್ಯತ್ಯಾಸ ನಮ್ಮ ಅಳತೆಯ ದೋಷವೆಷ್ಟೆಂಬುದನ್ನು ಹೇಳುವುದು.

ನಮ್ಮ ಅಳತೆಯಲ್ಲಿ ಹೋಗುವಾಗ 45, ಬರುವಾಗ 47 ಸೆಂಟಿಮೀಟರು ದೊರೆಯಿತು, ಸರಾಸರಿ 46. ನಿವೇಶನದ ಮೂಲೆಯಿಂದ ಅಂದಿನ ನೀರಿನ ಅಂಚಿಗೆ 120 ಮೀಟರು ದೂರದಲ್ಲಿ ನೆಲವು 1.2 ಮೀಟರು ಇಳಿದಿತ್ತು. ಎಂದರೆ ಇಳಿಜಾರು ನೂರಕ್ಕೆ ಒಂದು. ಇಂತಹ ನೆಲದಲ್ಲಿ ನೀರು ಒಂದು ಸೆಂಟಿಮೀಟರು ಏರಿದರೆ ಒಂದು ಮೀಟರು ಮುಂದೆ ಬರುವುದು. ಕೆರೆ ತುಂಬಿ ಕೋಡಿಯ ಮಟ್ಟಕ್ಕೆ ಬಂದ ದಿನ ನೀರಿನ ಅಂಚು ನಿವೇಶನಕ್ಕೆ 46 ಮೀಟರು ಸಮೀಪದಲ್ಲಿರುವುದು. ದೂರ 400 ಅಡಿ, ಎತ್ತರ ಒಂದು ಮೊಳ!

ಒಂದು ಮೊಳ ಸಾಕೆ?

ಕೆರೆ ಕೋಡಿ ಬಿದ್ದಾಗ ನೀರು ಹೊಸ್ತಿಲಿನ ಮಟ್ಟದಲ್ಲಿಯೇ ನಿಲ್ಲದು. ಅದಕ್ಕಿಂತ ಮೇಲಕ್ಕೆ ಏರಿದರೆ ತಾನೆ ಹರಿಯಬಲ್ಲುದು? ಹೀಗೆ ಹರಿಯುವ ನೀರಿನ ವೇಗವು ಹೊಸ್ತಿಲಿನ ಮೇಲಣ ನೀರಿನ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುವುದು. ಹರಿವಿನ ಅಡ್ಡಕೊಯ್ತವು ಆ ಎತ್ತರವನ್ನು ಕೋಡಿಯ ಉದ್ದದಿಂದ ಗುಣಿಸಿದಷ್ಟು. ಆದ್ದರಿಂದ ಎತ್ತರ, ಎತ್ತರದ ವರ್ಗಮೂಲ, ಕೋಡಿಯ ಉದ್ದ ಈ ಮೂರರ ಗುಣಲಬ್ಧವನ್ನು ಸುಮಾರು 1.7ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರು ನೀರು ಹೊರಬೀಳುವುದೆಂಬುದು ದೊರೆಯುವುದು. ಇಲ್ಲಿ ಉದ್ದ ಎತ್ತರಗಳು ಮೀಟರುಗಳಲ್ಲಿರಬೇಕು.

ಉದಾಹರಣೆಗೆ, ತುಂಬಿರುವ ಕೆರೆಯೊಂದಕ್ಕೆ 10 ಚದರ ಕಿಲೋಮೀಟರು ಜಲಾನಯನ ಪ್ರದೇಶವಿದೆ ಎಂದಿಟ್ಟುಕೊಳ್ಳೋಣ. ಒಂದು ದಿನ 100 ಮಿಲಿಮೀಟರು ಮಳೆ ಸುರಿದು, ಅದರಲ್ಲಿ ಅರ್ಧ ಕೆರೆಗೆ ಬಂದರೆ 5 ಲಕ್ಷ ಘನ ಮೀಟರು ಆಯಿತು. ಅದು 12 ಗಂಟೆಗಳಲ್ಲಿ ಬಂದು ಸೇರಿದರೆ ಸೆಕೆಂಡಿಗೆ ಸುಮಾರು 12 ಘನ ಮೀಟರು. ಕೋಡಿಯ ಉದ್ದ 20 ಮೀಟರಿದ್ದರೆ ಇಷ್ಟು ನೀರು ಹೊರಬೀಳಲು ಮಟ್ಟವು ಹೊಸ್ತಿಲಿಗಿಂತ ಅರ್ಧ ಮೀಟರು ಏರಬೇಕು. ನಮ್ಮ ಒಂದು ಮೊಳ ಅಲ್ಲಿಗೆ ಮುಗಿಯಿತು.

ಇನ್ನು, ಹೂಳಿನಿಂದಲೋ ಒತ್ತುವರಿಯಿಂದಲೋ ಕೋಡಿಯ ಅರ್ಧ ಮುಚ್ಚಿ 10 ಮೀಟರು ಮಾತ್ರ ಉಳಿದಿದ್ದರೆ? ಅಷ್ಟೇ ನೀರು ಹೊರಹೋಗಲು ಮಟ್ಟ 80 ಸೆಂಟಿಮೀಟರು ಏರಬೇಕಾಗುವುದು. ನಾವು ನೋಡಿದ ನಿವೇಶನದ ಮೇಲೆ ಆಗ 34 ಸೆಂಟಿಮೀಟರು ನೀರು. ಕೆರೆಯ ವಿಸ್ತಾರವು ಈ ಏರಿಕೆಯನ್ನು ತಡಮಾಡಿಸಿ ಕೊಂಚ ತಗ್ಗಿಸುವುದು ನಿಜ; ಆದರೆ ಎರಡನೆಯ ದಿನವೂ ಮಳೆ ಮುಂದುವರಿದರೆ ಆ ರಿಯಾಯಿತಿ ಉಳಿಯದು. ಆದಕಾರಣ ನಿವೇಶನವನ್ನು ನೋಡಲು ಹೋದವರು ಕೋಡಿಯನ್ನೂ, ಅದರಾಚೆಯ ಹಳ್ಳವನ್ನೂ ನಡೆದು ನೋಡಬೇಕು. ಹಳ್ಳ ಮುಚ್ಚಿಹೋಗಿದ್ದರೆ ಕೋಡಿ ಎಷ್ಟು ಅಗಲವಿದ್ದರೂ ಪ್ರಯೋಜನವಿಲ್ಲ.

ಇದು ಬರಿಯ ಕಾಗದದ ಲೆಕ್ಕವಲ್ಲ. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿದಾಗ ಹರಿಹರದ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಕೆರೆಗಳ ಸಾಲು ಉಕ್ಕಿ, ಹೆಚ್ಚು ಬೆಲೆಯ ಬಡಾವಣೆಗಳಿಂದಲೂ ಜನರನ್ನು ದೋಣಿಗಳಲ್ಲಿ, ಟ್ರಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಬೆಲೆ ಎಷ್ಟೇ ಇರಲಿ, ನೀರು ಕೇಳುವುದು ಎತ್ತರವೊಂದನ್ನೇ.

“ಮಣ್ಣು ತುಂಬಿ ಎತ್ತರಿಸಿದರಾಯಿತು” ಎಂದು ಮಾರುವವರು ಸಮಾಧಾನ ಹೇಳಿದರು. ಮುಳುಗುವ ಜಾಗಕ್ಕೆ ಒಂದು ಘನ ಮೀಟರು ಮಣ್ಣು ಹಾಕಿದರೆ ಒಂದು ಘನ ಮೀಟರು ನೀರು ಬೇರೆ ಜಾಗವನ್ನು ಹುಡುಕಿಕೊಳ್ಳುವುದು. ಆ ಜಾಗ ನೆರೆಯವರ ಅಂಗಳ. ನಮ್ಮ ಭಯವನ್ನು ಪಕ್ಕದ ಮನೆಗೆ ವರ್ಗಾಯಿಸುವುದು ಪರಿಹಾರವೆನಿಸದು.

ಏರಿಯ ಕೆಳಗಣ ನೆಲ

ಕೆಲವು ನಿವೇಶನಗಳು ಏರಿಯ ಕೆಳಗೆ, ಹಿಂದೆ ಅಚ್ಚುಕಟ್ಟಾಗಿದ್ದ ಗದ್ದೆಗಳಲ್ಲಿರುವುವು. ಅಲ್ಲಿ ಕೆರೆಯ ನೀರು ನಮ್ಮ ನೆಲಕ್ಕಿಂತ ಮೇಲಿರುವುದು. ನೀರಿನ ಆಳ 5 ಮೀಟರಿದ್ದರೆ ತಳದ ಮೇಲಿನ ಒತ್ತಡ ಚದರ ಮೀಟರಿಗೆ 5 ಟನ್ನು ತೂಕಕ್ಕೆ ಸಮ. ಈ ಒತ್ತಡದಿಂದ ಮಣ್ಣಿನ ಏರಿಯೊಳಗೆ ನೀರು ಸ್ವಲ್ಪ ಸ್ವಲ್ಪವಾಗಿ ಒಸರುವುದು ಸಹಜ. ಒಸರುವ ನೀರು ತಿಳಿಯಾಗಿದ್ದರೆ ಭಯ ಕಡಮೆ. ಮಣ್ಣನ್ನು ಹೊತ್ತು ಕದಡಿ ಬರುತ್ತಿದ್ದರೆ ಏರಿಯು ಒಳಗಿಂದ ಸವೆಯುತ್ತಿದೆ ಎಂದು ತಿಳಿದು ಸಂಬಂಧಪಟ್ಟವರಿಗೆ ಒಡನೆಯೇ ತಿಳಿಸಬೇಕು.

ಮಣ್ಣು ಮತ್ತು ಗೋಡೆ

ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯ ಸುತ್ತಮುತ್ತ ಕೆಮ್ಮಣ್ಣಿನೊಂದಿಗೆ ಎರೆಮಣ್ಣೂ ಉಂಟು. ಎರೆಮಣ್ಣಿನ ಜೇಡಿಯ ಕಣಗಳು ಪದರ ಪದರವಾಗಿದ್ದು, ಪದರಗಳ ನಡುವೆ ನೀರನ್ನು ಹೀರಿ ಉಬ್ಬುವುವು. ಒಣಗಿದಾಗ ಕುಗ್ಗಿ ಬಿರಿಯುವುವು. ಕೆರೆಯ ಬಳಿ ನೀರು ಏರಿ ಇಳಿಯುವುದರಿಂದ ಈ ಉಬ್ಬುವಿಕೆ ಕುಗ್ಗುವಿಕೆಗಳು ಮನೆಯ ಬುಡದಲ್ಲಿಯೇ ವರ್ಷ ವರ್ಷವೂ ನಡೆಯುವುವು. ಹಳೆಯ ಮನೆಯನ್ನು ಕೊಳ್ಳುವವರು ಕಿಟಕಿಯ ಮೂಲೆಗಳಿಂದ ಓರೆಯಾಗಿ ಹೊರಟ ಬಿರುಕುಗಳನ್ನು ಗಮನಿಸಬೇಕು.

ಮಣ್ಣನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಬಹುದು. ಚೆನ್ನಾಗಿ ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಮಿನಂತೆ ಎರಡು ಅಳತೆಯ ಜಾಡಿಗಳಿಗೆ ಹಾಕಿ, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ 100 ಮಿಲಿಲೀಟರಿನವರೆಗೆ ತುಂಬಿ, ಕಲಕಿ, 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬದು. ನೀರಿನ ಜಾಡಿಯಲ್ಲಿ ಅದರ ಗಾತ್ರ ಒಂದೂವರೆ ಪಟ್ಟಿಗಿಂತ ಹೆಚ್ಚಾಗಿದ್ದರೆ ಸಾಧಾರಣ ಪಾಯವನ್ನು ನಂಬಬಾರದು, ಎಂಜಿನಿಯರನ್ನು ಕೇಳಬೇಕು. ಇಂತಹ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಂಬದ ಪಾಯವನ್ನು ರೂಢಿಗೆ ತಂದಿದೆ.

ಗೋಡೆಯ ತೇವಕ್ಕೆ ಕಾರಣ ಕೇಶಾಕರ್ಷಣ. ನಳಿಕೆ ಕಿರಿದಾದಷ್ಟೂ ನೀರು ಹೆಚ್ಚು ಮೇಲೇರುವುದು. ಇಟ್ಟಿಗೆಯ ರಂಧ್ರದ ತ್ರಿಜ್ಯ ಮಿಲಿಮೀಟರಿನ ನೂರರಲ್ಲೊಂದು ಭಾಗವಿದ್ದರೆ ಲೆಕ್ಕದಂತೆ ನೀರು ಸುಮಾರು ಒಂದೂವರೆ ಮೀಟರು ಏರಬಲ್ಲುದು. ಪಾಯಕ್ಕೂ ಗೋಡೆಗೂ ನಡುವೆ ತೇವ ತಡೆಯುವ ಪದರವನ್ನು ಹಾಕುವುದು ಇದಕ್ಕಾಗಿಯೇ. ಗೋಡೆಯ ಕೆಳಭಾಗದಲ್ಲಿ ಬಿಳಿಯ ಉಪ್ಪು ಹೂತಿದ್ದರೆ, ಅಥವಾ ಆ ಭಾಗಕ್ಕೆ ಮಾತ್ರ ಹೊಸದಾಗಿ ಬಣ್ಣ ಬಳಿದಿದ್ದರೆ, ಕಾರಣವನ್ನು ಕೇಳಲು ಸಂಕೋಚಪಡಬಾರದು.

ಮಳೆಗಾಲ ಮುಗಿದೊಡನೆ ನೆರೆಯ ಬಾವಿಯಲ್ಲಿ ನೀರು ಎಷ್ಟು ಮೇಲಿದೆ ಎಂಬುದನ್ನೂ ನೋಡಬೇಕು. ಶೌಚದ ಗುಂಡಿಯ ತಳವು ಆ ಮಟ್ಟಕ್ಕಿಂತ ಕೆಳಗಿದ್ದರೆ ಅದರ ಕೊಳೆ ಬಾವಿಗೂ ಕೆರೆಗೂ ಸೇರುವುದು. ಯಾವ ಕೆರೆಯ ಆಸೆಗೆ ಮನೆ ಕೊಂಡೆವೋ ಅದನ್ನೇ ಕೆಡಿಸಿದಂತಾಗುವುದು.

ಪತ್ರಗಳು ಮತ್ತು ಹಿರಿಯರು

ವಕೀಲರಿಗೆ ಪತ್ರಗಳನ್ನು ಕೊಡುವ ಮುನ್ನ ನಾವೇ ನೋಡಬಹುದಾದವು ಕೆಲವಿವೆ. ಗ್ರಾಮದ ನಕಾಶೆಯಲ್ಲಿ ಕೆರೆಯ ಎಲ್ಲೆಯನ್ನೂ ಹಳ್ಳಗಳನ್ನೂ ಗುರುತಿಸಿರುವರು. ಕಂದಾಯ ಇಲಾಖೆಯ ‘ದಿಶಾಂಕ್’ ಎಂಬ ಮೊಬೈಲು ಸಾಧನದಿಂದ, ನಿಂತ ಸ್ಥಳದ ಸರ್ವೆ ನಂಬರನ್ನು ತಿಳಿಯಬಹುದು. ಪಹಣಿಯಲ್ಲಿ ‘ಬಿ’ ಖರಾಬು ಎಂದಿದ್ದರೆ ಅಷ್ಟು ಭಾಗ ದಾರಿ, ಹಳ್ಳ ಮೊದಲಾದ ಸಾರ್ವಜನಿಕ ಉಪಯೋಗದ ನೆಲ. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಕೃಷಿಭೂಮಿಯಾಗಿದ್ದರೆ ಭೂಪರಿವರ್ತನೆಯ ಆದೇಶ ಬೇಕು. ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪತ್ರವೂ ಬೇಕು. ಕೆರೆಗಳ ರಕ್ಷಣೆಗಾಗಿ ಕರ್ನಾಟಕದಲ್ಲಿ 2014ರ ಅಧಿನಿಯಮವಿದೆ. ಕೆರೆಯ ಎಲ್ಲೆಯಿಂದ ಬಿಡಬೇಕಾದ ಅಂತರದ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಕೊಳ್ಳುವ ಸಮಯದಲ್ಲಿ ಜಾರಿಯಲ್ಲಿರುವುದನ್ನು ಯೋಜನಾ ಪ್ರಾಧಿಕಾರದಲ್ಲಿ ಕೇಳಿ ತಿಳಿಯುವುದು ಲೇಸು.

ಎಲ್ಲಕ್ಕೂ ಮಿಗಿಲಾದ ದಾಖಲೆ ಊರಿನ ಹಿರಿಯರ ನೆನಪು. “ಕೆರೆ ಕೋಡಿ ಬಿದ್ದ ವರ್ಷ ನೀರು ಎಲ್ಲಿಗೆ ಬಂದಿತ್ತು?” ಎಂದು ನಾವು ಕೇಳಿದಾಗ, ಕುರಿ ಮೇಯಿಸುತ್ತಿದ್ದ ವೃದ್ಧರೊಬ್ಬರು ಮಾತಾಡದೆ ಕೋಲನ್ನೆತ್ತಿ ಒಂದು ಬೇವಿನ ಮರವನ್ನು ತೋರಿಸಿದರು. ಆ ಮರ ನಾವು ನೋಡಿದ ನಿವೇಶನಕ್ಕಿಂತ ಮೇಲಿತ್ತು. ಕೊಳವೆಯ ಅಳತೆಗೂ ಅವರ ನೆನಪಿಗೂ ಹೊಂದಿಕೆಯಾಯಿತು. ಹಳೆಯ ಊರು ದಿಣ್ಣೆಯ ಮೇಲೆಯೇ ಏಕೆ ಇದೆ ಎಂಬುದೂ ಅಂದು ನಮಗೆ ಅರ್ಥವಾಯಿತು.

ಆ ನಿವೇಶನವನ್ನು ನಾವು ಕೊಳ್ಳಲಿಲ್ಲ. ದಿಣ್ಣೆಯ ಮೇಲಿನ ಮನೆಗಳಿಂದ ಕೆರೆ ಸ್ವಲ್ಪ ದೂರವಾಗಿಯೇ ಕಾಣುವುದು. ಆದರೆ ಗಾಳಿ ಅಲ್ಲಿಗೂ ಬರುವುದು, ನೀರು ಬಾರದು. ವಿದ್ಯಾರ್ಥಿಗಳು ಬಿಡುವಿನ ದಿನ ಒಂದು ಕೊಳವೆಯನ್ನೂ ಎರಡು ಕೋಲುಗಳನ್ನೂ ತೆಗೆದುಕೊಂಡು, ತಮ್ಮ ಊರಿನ ಕೆರೆಯ ಕೋಡಿಯಿಂದ ತಮ್ಮ ಮನೆಯ ಹೊಸ್ತಿಲಿನವರೆಗೆ ಅಳೆದು ನೋಡಲಿ. ದೊರೆತ ಅಂಕಿಯನ್ನು ಹೊಸ್ತಿಲಿನ ಪಕ್ಕದ ಗೋಡೆಯ ಮೇಲೆ ಬರೆದಿಡಲಿ. ನಿವೇಶನ ಕೊಳ್ಳುವ ಮಾತು ಮನೆಯಲ್ಲಿ ಬಂದ ದಿನ, ಮುಂಗಡದ ಹಣ ಕೈಬಿಡುವ ಮೊದಲೇ, ಆ ಕೊಳವೆ ಮತ್ತೊಮ್ಮೆ ಹೊರಗೆ ಬರಲಿ.