ಹಳೇ ನೀರು, ಹೊಸ ನೀರು

ತಮ್ಮಾ, ಕಾರ್ಖಾನೆಯ ಗುತ್ತಿಗೆ ಮುಗಿದಾಗಿನಿಂದ ಕಟ್ಟೆಯ ಮೇಲೆ ಮಾತಿಲ್ಲದೆ ಕೂತಿದ್ದೀಯ. ನಿನ್ನೆ ಯಾರೋ ಬಂದು, 'ಹಳೇ ನೀರು ಹೋತು, ಹೊಸ ನೀರು ಬರತೈತಿ ಬಿಡೋ' ಎಂದು ಬೆನ್ನು ತಟ್ಟಿ ಹೋದರು. ನಿನ್ನ ಮುಖ ಇನ್ನಷ್ಟು ಬಾಡಿತು. ಮಾತು ಸುಳ್ಳಲ್ಲ, ಆದರೆ ಅವಸರದಲ್ಲಿ ಹೇಳುವ ಮಾತಲ್ಲ.

ಅದು ಹೊಳೆಸಾಲಿನವರು ಕಣ್ಣಾರೆ ಕಂಡು ಆಡಿದ ಮಾತು. ಮುಂಗಾರಿನಲ್ಲಿ ಹೊಳೆ ಕೆಂಪಾಗಿ ಬಂದರೆ ಮಡುಗಳಲ್ಲಿ ಪಾಚಿಗಟ್ಟಿದ ಬೇಸಿಗೆಯ ನೀರು ಕೊಚ್ಚಿಹೋಗುತ್ತಿತ್ತು. ಜೊತೆಗೆ ದಂಡೆಯ ಹೊಲಗಳಿಗೆ ಮೆಕ್ಕಲು ಮಣ್ಣು ಬೀಳುತ್ತಿತ್ತು. ಹರಿದರೆ ಮಣ್ಣು ಬೆಳೆಯಾಗುತ್ತದೆ. ನಿಂತರೆ? ಮುನಿರಾಬಾದಿನ ನಮ್ಮ ಡ್ಯಾಮನ್ನೇ ನೋಡು. 1953ರಲ್ಲಿ ನೀರು ನಿಲ್ಲಿಸಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಈಗ ಸುಮಾರು 105. ಉಳಿದ ಜಾಗವನ್ನು ಹೂಳು ನುಂಗಿದೆ.

ನನ್ನೊಳಗೂ ಹಾಗೇ ಹೂಳು ತುಂಬಿತ್ತು. ನಾಲ್ಕೆಕರೆ ಹೊಲ ಕಾರ್ಖಾನೆಗೆ ಹೋದ ಮೇಲೆ ಎರಡು ವರ್ಷ ದಿನಾ ಬೆಳಿಗ್ಗೆ ಅದರ ತಂತಿಬೇಲಿಯ ತನಕ ನಡೆದು ಹೋಗಿ ಬರುತ್ತಿದ್ದೆ. ಒಳಗೆ ಸಾಲು ಎಲ್ಲಿದ್ದವು, ಬನ್ನಿ ಗಿಡ ಎಲ್ಲಿತ್ತು ಎಂದು ಲೆಕ್ಕ ಹಾಕುತ್ತಿದ್ದೆ. ನಿಮ್ಮಜ್ಜಿ ಒಂದು ದಿನ ಬುತ್ತಿ ಕಟ್ಟಿ ಗಂಗಾವತಿ ಕಡೆಗೆ ಕಳಿಸಿದಳು. ಎಡದಂಡೆ ಕಾಲುವೆಯ ಕೆಳಗೆ ಗದ್ದೆ ಪಾಲಿಗೆ ಹಿಡಿದೆ. ಸಜ್ಜೆ ಬಿತ್ತಿದ ಕೈ ಭತ್ತದ ನಾಟಿ ಕಲಿಯಿತು. ಹಳೇ ಹೊಲ ಮರೆತೆನೆಂದಲ್ಲ. ಮಣ್ಣು ಹಿಡಿದು ಹದ ಹೇಳುವುದನ್ನು ಕಲಿಸಿದ್ದೇ ಅದು.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಸರಪಳಿ ತುಂಡಾಗಿದ್ದು ನಿನಗೆ ನೆನಪಿದೆಯಲ್ಲ. ಭಾರ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ವರ್ಷದ ಅನ್ನ ಹರಿದುಹೋಗುತ್ತಿದೆ ಎಂದು ನಾನು ಅತ್ತೆ. ಆಗ ಹೊಸ ನೀರಿನ ಮಾತಾಡಿದ್ದರೆ ನನಗೂ ಸಿಟ್ಟು ಬರುತ್ತಿತ್ತು. ಆದರೆ ಕೆಲಸದವರು ಹರಿಯುವ ನೀರಿನ ಮೇಲೇ ನಿಂತು ವಾರದೊಳಗೆ ಉಕ್ಕಿನ ತುಂಡುಗಳನ್ನು ಇಳಿಸಿ ಬಾಯಿ ಮುಚ್ಚಿದರು. ಆಮೇಲೆ ಮಳೆಯಾಯಿತು, ಸೆಪ್ಟೆಂಬರಿನಲ್ಲಿ ಬಾಗಿನ ಬಿಟ್ಟರು. ಆ ಬಾಯಿ ತೆರೆದೇ ಇದ್ದಿದ್ದರೆ ಬಂದ ನೀರೆಲ್ಲ ನಿಲ್ಲುತ್ತಿತ್ತೇ?

ಇವತ್ತು ಅಳು ಬಂದರೆ ಅಳು, ನಾನೇನೂ ಅನ್ನುವುದಿಲ್ಲ. ನಾಳೆ ಮಾತ್ರ ಕಟ್ಟೆ ಬಿಟ್ಟೇಳು. ನಾಲ್ಕು ವರ್ಷ ವೆಲ್ಡಿಂಗ್ ಮಾಡಿದ್ದಕ್ಕೆ ಒಂದು ಅನುಭವ ಪತ್ರ ಬರೆಸಿಕೊಂಡು ಬಾ. ಹೊಸಪೇಟೆಯ ರೈಲಿಗೆ ನಿನ್ನ ಜೊತೆ ನಾನೂ ಬರುತ್ತೇನೆ.